ಎರಡು ಒಲೆಯ ಮನೆ

"ಇದೇನಮ್ಮ, ಇಲ್ಲೂ ಒಂದು ಒಲೆ ಐತೆ?"

ನಡುಮನೆಯ ಮೂಲೆಯಲ್ಲಿ ಸ್ಟೂಲಿನ ಮೇಲಿದ್ದ ಗ್ಯಾಸ್ ಒಲೆಯ ಮುಂದೆ ನಿಂತು ಅಕ್ಕಯ್ಯಮ್ಮ ಕೇಳಿದರು. ಅಡುಗೆಮನೆಯ ಒಲೆಯನ್ನು ಈಗಷ್ಟೇ ನೋಡಿಕೊಂಡು ಬಂದಿದ್ದರು. ಮನೆ ಮಾರಲು ಹೊರಟಿದ್ದ ಕಲ್ಪನ ಗಂಡ ಸುಧಾಕರನ ಕಡೆ ನೋಡಿದಳು. ಮನೆ ತೊಳೆದು, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿ, ತನ್ನ ಬಟ್ಟೆ ಸುಧಾಕರನ ಬಟ್ಟೆ ಎರಡನ್ನೂ ಒಂದೇ ಬೀರುವಿಗೆ ತುರುಕಿ, ಕೊನೆಗೆ ಇದೊಂದನ್ನು ಎತ್ತಿಡುವುದನ್ನೇ ಮರೆತಿದ್ದರು.

"ಅದು ಬಿಸಿನೀರಿಗೆ ಅಜ್ಜಿ," ಎಂದು ಬ್ರೋಕರ್ ಮುನಿರಾಜ್ ನಡುವೆ ಬಾಯಿ ಹಾಕಿದ. ತಟ್ಟನೆ ಸುಳ್ಳು ಹೊಸೆದು ಅಭ್ಯಾಸವಿಲ್ಲದ ಬಾಯಿ ಅದು.

"ಬಚ್ಚಲು ಅತ್ಲಾಗೈತೆ. ಬಿಸಿನೀರು ನಡುಮನೇಲಾ?" ಎಂದು ಅಕ್ಕಯ್ಯಮ್ಮ ಒಲೆಯ ಮೇಲೆ ಬೆರಳಾಡಿಸಿ ನೋಡಿದರು. ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ ನಲವತ್ತು ವರ್ಷ ಹಸು ಕಟ್ಟಿದ ಹೆಂಗಸು. ಮಾರುವವನ ಮಾತು ಕೇಳಿ ಹಸು ಕೊಂಡವರಲ್ಲ. ಮೊಮ್ಮಗಳಿಗೆ ಬಂಗಾರಪೇಟೆಯಲ್ಲೊಂದು ಮನೆ ಇರಲಿ ಎಂದು ಒಬ್ಬರೇ ಬಸ್ಸು ಹತ್ತಿ ಬಂದಿದ್ದರು.

ಹನ್ನೊಂದು ತಿಂಗಳಿಂದ ಈ ಮನೆಗೆ ಎರಡು ಒಲೆ. ಕಲ್ಪನ ಅಡುಗೆಮನೆಯಲ್ಲಿ ಬೇಯಿಸಿ ಒಳಕೋಣೆಯಲ್ಲಿ ಉಣ್ಣುತ್ತಾಳೆ. ಸುಧಾಕರ ನಡುಮನೆಯಲ್ಲೇ ಬೇಯಿಸಿಕೊಂಡು ಅಲ್ಲೇ ಮಲಗುತ್ತಾನೆ. ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾರೆ. ಆದರೆ ಮನೆ ಇಬ್ಬರ ಹೆಸರಿನಲ್ಲಿದೆ, ಅದರ ಸಾಲವೂ ಇಬ್ಬರ ತಲೆಯ ಮೇಲಿದೆ. ಮನೆ ಮಾರಾಟವಾಗದೆ ಒಬ್ಬರಿಗೂ ಬೇರೆ ಸೂರು ಹಿಡಿಯುವ ತ್ರಾಣವಿಲ್ಲ. ಹಿಂದೆ ಎರಡು ಸಲ ಮಾತು ಕುದುರಿತ್ತು. ಎರಡು ಸಲವೂ, ಒಡೆದ ಸಂಸಾರದ ಮನೆ ನಮಗ್ಯಾಕೆ ಎಂದು ಬಂದವರು ಎದ್ದುಹೋಗಿದ್ದರು. ಇದೂ ತಪ್ಪಿದರೆ ಇನ್ನೆಷ್ಟು ಕಾಲ ಹೀಗೇ ಗೋಡೆಯಾಚೆಯ ಕೆಮ್ಮು ಕೇಳುತ್ತ ಬಾಳಬೇಕೋ ಎಂಬುದೇ ಕಲ್ಪನಳ ಚಿಂತೆ.

ಅದಕ್ಕೇ ಮುನಿರಾಜ್ ತಾಕೀತು ಮಾಡಿದ್ದ. "ಒಂದೊತ್ತು ಗಂಡ ಹೆಂಡ್ತಿ ಥರಾ ಇರಿ. ಅದಕ್ಕೇನು ಸಾಯಲ್ಲ." ಡಬ್ಬಿಯಲ್ಲಿ ಬಿದ್ದಿದ್ದ ತಾಳಿಯನ್ನು ಕಲ್ಪನ ಮತ್ತೆ ಕೊರಳಿಗೆ ಹಾಕಿಕೊಂಡಿದ್ದಳು. ಸುಧಾಕರ ನಾಟಕದ ರಾಜನ ಹಾಗೆ "ಕಲ್ಪನಾ, ಅಜ್ಜಿಗೆ ಕಾಫಿ ಕೊಡು" ಎಂದು ಕೂಗಿದ್ದ. ವರ್ಷದ ಮೇಲೆ ಆ ಬಾಯಲ್ಲಿ ತನ್ನ ಹೆಸರು ಕೇಳಿ ಅವಳು ಬೇರೆ ಯಾರನ್ನೋ ಕರೆದರೆಂಬಂತೆ ತಿರುಗಿ ನೋಡಿದ್ದಳು.

"ಬಾಮ್ಮ, ಇತ್ಲು ತೋರ್ಸು," ಎಂದು ಅಕ್ಕಯ್ಯಮ್ಮ ಅವಳ ಮುಂಗೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಹೋದವರೇ ಬಾಗಿಲು ಎಳೆದುಕೊಂಡರು.

"ನೇರ ಕೇಳ್ತೀನಿ. ಈ ಬೆಲೆಗೆ ಇಂಥ ಮನೆ ಯಾರೂ ಕೊಡಲ್ಲ. ಆ ಬ್ರೋಕರ್ ಬೆವರ್ತಾವ್ನೆ. ನಿನ್ನ ಗಂಡ ಸುಮ್ಸುಮ್ನೆ ನಗ್ತಾವ್ನೆ. ನೀನು ನೋಡಿದ್ರೆ ತಲೆ ಎತ್ತಲ್ಲ. ತಾಳಿ ಮ್ಯಾಲೆ ಕೈಯಿಟ್ಟು ನಿಜ ಏಳಮ್ಮ. ಈ ಮನೇಲಿ ಯಾರಾನಾ ನೇಣು ಆಕ್ಕೊಂಡವ್ರಾ?"

ಯಾರೂ ಸತ್ತಿರಲಿಲ್ಲ. ಆಣೆ ಇಟ್ಟರೆ ಅದು ಅಪ್ಪಟ ಸತ್ಯವೇ. ಮುಟ್ಟಿ ಒಂದು ಮಾತು ಅಂದರೆ ಮುಗಿಯಿತು, ಮನೆ ಮಾರಾಟವಾದ ಹಾಗೆಯೇ. ಕಲ್ಪನಳ ಕೈ ಮೇಲೆ ಹೋಯಿತು, ತಾಳಿ ಮುಟ್ಟಿತು, ಅಲ್ಲೇ ನಿಂತಿತು. ನಿಜ ಹೇಳುವುದಕ್ಕೂ ಈ ಸೋಗನ್ನೇ ಹಿಡಿಯಬೇಕೆ ಎಂದು ಹೇಸಿಗೆಯಾಯಿತು. ಮನೆ ಹೋಗದಿದ್ದರೆ ಬೇಡ, ಹಾಳಾಗಲಿ ಅನ್ನಿಸಿತು.

"ಯಾರೂ ಸತ್ತಿಲ್ಲ ಅಜ್ಜಿ. ಆದ್ರೆ ಈ ತಾಳಿ ಮೇಲೆ ಆಣೆ ಇಟ್ರೆ ನೀವು ನಂಬಬೇಡಿ. ಇವತ್ತು ನಿಮಗೆ ತೋರ್ಸೋಕೆ ಅಂತ ಹಾಕ್ಕೊಂಡಿದ್ದು. ನಾವಿಬ್ರೂ ಬೇರೆ ಆಗ್ತಿದೀವಿ. ಅದಕ್ಕೇ ಎರಡು ಒಲೆ."

ಇನ್ನು ಮುದುಕಿ ಚೀಲ ಎತ್ತಿಕೊಂಡು ಹೊರಡುತ್ತಾರೆ ಎಂದು ಅವಳು ಕಾದಳು. ಅಕ್ಕಯ್ಯಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು ಸೆರಗಿನಿಂದ ಗಾಳಿ ಹಾಕಿಕೊಂಡರು.

"ಅಷ್ಟೇನಾ? ನಿನ್ನ ಮನೆ ಕಾಯ್ವೋಗ, ನನ್ನ ಎದೆ ಒಡ್ದೋಗಿತ್ತಲ್ಲೇ. ಸತ್ತೋರಾದ್ರೆ ಮನೆ ಬಿಟ್ಟು ಓಗಲ್ಲ ಅಂತ ಎದ್ರಿಕೆ. ಬದುಕಿರೋರು ಬಿಟ್ಟೋದ್ರೆ ಮನೆಗೇನು ದೋಸ? ನಾನೂ ನಮ್ಮೆಜಮಾನ್ರೂ ಇಪ್ಪತ್ತು ವರ್ಸ ಒಂದೇ ಒಲೇಲಿ ಬೇಯ್ಸಿ ತಿಂದ್ವಿ, ಒಂದು ಮಾತಿಲ್ಲ ಕತೆಯಿಲ್ಲ. ಅದಕ್ಕಿಂತ ಎರಡು ಒಲೆ ವಾಸಿ."

ಕಲ್ಪನಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಎರಡನ್ನೂ ತಡೆಯಲಿಲ್ಲ.

ಒಳಗೆ ಬಂದಾಗ ಅವಳ ಮುಖ ನೋಡಿಯೇ ಸುಧಾಕರನಿಗೆ ಗೊತ್ತಾಯಿತು.

"ಹೇಳಿಬಿಟ್ಟೆಯಾ?"

"ಹೇಳಿದೆ."

ಅವನು ಬಿಗಿಯಾದ ಬೂಟು ಬಿಚ್ಚಿದವನಂತೆ ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತ. "ಒಳ್ಳೇದಾಯ್ತು. ಇನ್ನರ್ಧ ಗಂಟೆ ನನ್ನ ಕೈಲೂ ಆಗ್ತಿರಲಿಲ್ಲ."

"ಇನ್ನೇನೇನು ಮುಚ್ಚಿಟ್ಟಿದೀರೋ ಅದೂ ಏಳ್ಬಿಡಿ," ಎಂದರು ಅಕ್ಕಯ್ಯಮ್ಮ. "ತಗೊಂಡ್ಮೇಲೆ ಗೊತ್ತಾದ್ರೆ ನಾನು ಒಳ್ಳೇವಳಲ್ಲ."

"ಮಳೆ ಬಂದ್ರೆ ಅಡುಗೆಮನೆ ಸೋರುತ್ತೆ," ಎಂದಳು ಕಲ್ಪನ.

"ಸಿಂಕಿನ ಮೇಲೆ," ಎಂದ ಸುಧಾಕರ. "ಎರಡು ಸಲ ಸಿಮೆಂಟ್ ಹಾಕ್ಸಿದೆ, ನಿಲ್ಲಲಿಲ್ಲ."

"ಬೋರ್ ನೀರು ಉಪ್ಪು."

"ಬೇಳೆ ಬೇಯಲ್ಲ ಅದರಲ್ಲಿ."

"ರಾತ್ರಿ ಗೂಡ್ಸ್ ಗಾಡಿ ಹೋದ್ರೆ..."

"ಪಾತ್ರೆಗಳೆಲ್ಲ ಗಡಗಡ ಅಂತವೆ. ಒಂದು ವಾರ ನಿದ್ದೆ ಬರಲ್ಲ ಅಜ್ಜಿ, ಆಮೇಲೆ ಅಭ್ಯಾಸ ಆಗೋಗುತ್ತೆ."

ಮುನಿರಾಜ್ ತಲೆಯ ಮೇಲೆ ಕೈಹೊತ್ತು ಹೊಸ್ತಿಲ ಮೇಲೆ ಕೂತುಬಿಟ್ಟ. ಅವನನ್ನು ಯಾರೂ ನೋಡಲಿಲ್ಲ. ಪಕ್ಕದವರ ಕಾಂಪೌಂಡು ಅರ್ಧ ಅಡಿ ಒಳಗೆ ಬಂದದ್ದು, ಬಚ್ಚಲ ಬಾಗಿಲು ಮಳೆಗಾಲದಲ್ಲಿ ಉಬ್ಬುವುದು, ಎಲ್ಲ ಆಚೆ ಬಂತು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡು ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲೂ ತಾವು ಇಷ್ಟು ಚೆನ್ನಾಗಿ ಮಾತಾಡಿದ್ದು ಕಲ್ಪನಳಿಗೆ ನೆನಪಾಗಲಿಲ್ಲ. ಹಾಗೆ ಅನ್ನಿಸಿದರೂ ನೋವಾಗಲಿಲ್ಲ.

ಅಕ್ಕಯ್ಯಮ್ಮ ಎಲ್ಲಕ್ಕೂ ಹೂಂ ಅಂದರು. ಸೋರುವುದಕ್ಕೆ ತಮ್ಮೂರಿನ ಗಾರೆಯವನಿದ್ದಾನೆ, ಮುಂದಿನ ಶುಕ್ರವಾರ ಅಗ್ರಿಮೆಂಟು ಬರೆಸೋಣ ಎಂದರು. ಆಮೇಲೆ ಇಬ್ಬರನ್ನೂ ಒಮ್ಮೆ ನೋಡಿ ಕೇಳಿದರು.

"ಇನ್ನೇನಾನಾ ಉಳ್ದೈತಾ?"

ಸುಧಾಕರ ಕಲ್ಪನಳ ಕಡೆ ತಿರುಗಿದ. ಅವಳು ತೀರ ಮನಸ್ಸಿಟ್ಟು ಯೋಚಿಸಿದಳು.

"ಇಲ್ಲ ಅಜ್ಜಿ," ಎಂದಳು. "ಇನ್ನೇನೂ ಉಳಿದಿಲ್ಲ."

ಅವನೂ ಹೌದೆಂದು ತಲೆಯಾಡಿಸಿದ. ಎರಡು ಒಲೆ ನೆರೆಯವರ ಕಣ್ಣಿಗೆ ಬೀಳದಿರಲೆಂದು ಎಷ್ಟೋ ತಿಂಗಳಿಂದ ಮುಚ್ಚಿಯೇ ಇದ್ದ ಬೀದಿಯ ಕಡೆಯ ಕಿಟಕಿಗಳನ್ನು ಎದ್ದು ಹೋಗಿ ಒಂದೊಂದಾಗಿ ತೆರೆದ.