ಹಿಂಬದಿ ಖಾಲಿಯಿದ್ದ ಕಾಗದ

ನಾನು ಒಂದು ಎಣ್ಣೆ ಡಬ್ಬಿ. ತಗಡಿನ ಹಾಳೆಯಾಗಿದ್ದ ನನ್ನನ್ನು ಕಾರ್ಖಾನೆಯಲ್ಲಿ ಮಡಚಿ, ಬೆಸೆದು, ಹದಿನೈದು ಕಿಲೋ ಎಣ್ಣೆ ತುಂಬಿ ಕೊಪ್ಪಳದ ಕಡೆಯ ಒಂದು ಶಾಲೆಗೆ ಕಳಿಸಿದರು. ಬಿಸಿಯೂಟದ ಕೋಣೆಯಲ್ಲಿ ಎಣ್ಣೆ ಇರುವಷ್ಟು ದಿನ ನನಗೆ ಮರ್ಯಾದೆ ಇತ್ತು. ಆಮೇಲೆ ಗುಜರಿಯವನ ಸೈಕಲ್ ಏರಬೇಕಿತ್ತು.

ವಿಜ್ಞಾನ ಕಲಿಸುವ ಕಸ್ತೂರಿ ಅಕ್ಕೋರು ಅಡ್ಡ ಬಂದರು. ಅವರ ಕಣ್ಣಿಗೆ ಕಸವೆಂಬುದೇ ಇಲ್ಲ. ನನ್ನನ್ನು ಬೂದಿ ಹಾಕಿ ತಿಕ್ಕಿಸಿ, ನೆತ್ತಿಯ ಮೇಲೆ ಸೀಳು ಕೊರೆಸಿ, ಹಸಿರು ಬಣ್ಣ ಬಳಿಸಿ, ಹೆಡ್‌ಮಾಸ್ತರ ಕೋಣೆಯ ಬಾಗಿಲ ಪಕ್ಕದ ಗೋಡೆಗೆ ತೂಗುಹಾಕಿದರು. ಮಕ್ಕಳು ಮನಸ್ಸಿನ ಕಷ್ಟ ಬರೆದು ನನ್ನೊಳಗೆ ಹಾಕಬೇಕು, ಹೆಸರು ಬರೆಯಬಾರದು, ಶನಿವಾರ ನಾನೊಬ್ಬಳೇ ಓದುತ್ತೇನೆ ಎಂದರು. ಇನ್ನೊಂದು ಕಟ್ಟಳೆಯೂ ಇತ್ತು. ಹೊಸ ಕಾಗದ ಹರಿಯುವಂತಿಲ್ಲ. ಒಂದು ಬದಿ ಬರೆದದ್ದರ ಹಿಂಬದಿಯನ್ನೇ ಬಳಸಬೇಕು. ಒಂದು ಹಾಳೆ ಉಳಿದರೂ ಮರ ಉಳಿಸಿದ ಪುಣ್ಯ ಎಂಬುದು ಅವರ ಲೆಕ್ಕ.

ಆ ವರ್ಷ ಶಾಲೆಗೆ ನೀರು ಉಳಿಸುವ ಪ್ರಶಸ್ತಿಯ ಹುಚ್ಚು ಹಿಡಿದಿತ್ತು. ಟ್ಯಾಂಕಿನ ಅರ್ಧ ನೀರು ಹುಡುಗಿಯರ ಶೌಚಾಲಯಕ್ಕೇ ಹೋಗುತ್ತದೆಂದು ಹೆಡ್‌ಮಾಸ್ತರು ಅದಕ್ಕೆ ಬೀಗ ಜಡಿದು, ಕೀಲಿಯನ್ನು ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡರು. ಬೇಕಾದವರು ಬಂದು ಕೇಳಲಿ ಎಂದರು. ಹದಿಮೂರು ವರ್ಷದ ಯಾವ ಹುಡುಗಿ ಗಂಡಸಿನ ಮುಂದೆ ನಿಂತು ಆ ಕೀಲಿ ಕೇಳುತ್ತಾಳೆ? ಒಬ್ಬಳೂ ಕೇಳಲಿಲ್ಲ. ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಟ್ಟರು. ನೀರು ಉಳಿಯಿತು.

ಎಂಟನೆಯ ತರಗತಿಯ ಶರಣಮ್ಮ ಒಂದು ಶುಕ್ರವಾರ ಆಚೀಚೆ ನೋಡಿ ಚೀಟಿಯೊಂದನ್ನು ನನ್ನೊಳಗೆ ತಳ್ಳಿದಳು. ‘ಬೀಗ ತೆಗೀರಿ. ನೀರ ಕುಡಿಯೂದ ಬಿಟ್ಟೀವಿ. ನನಗ ಉರಿ ಆಗಿ ಜ್ವರ ಬರಾಕತ್ತೈತಿ’ ಎಂದಿತ್ತು ಅದರಲ್ಲಿ.

ಮರುದಿನ ಓದಿದ ಅಕ್ಕೋರ ಕಣ್ಣು ತುಂಬಿತು. ಇಂಥದ್ದಕ್ಕೇ ಅಲ್ಲವೇ ಡಬ್ಬಿ ಇಟ್ಟದ್ದು ಎಂದುಕೊಂಡು ಚೀಟಿ ಹಿಡಿದು ನೇರ ಹೆಡ್‌ಮಾಸ್ತರ ಬಳಿ ಹೋದರು. ತೆರೆದ ಬಾಗಿಲಿನಿಂದ ನಾನು ಎಲ್ಲವನ್ನೂ ನೋಡಿದೆ. ಹೆಡ್‌ಮಾಸ್ತರು ಓದಿದರು, ಆಮೇಲೆ ಕಾಗದ ತಿರುಗಿಸಿದರು. ಹಿಂದೆ ವಿಜ್ಞಾನದ ಕಿರುಪರೀಕ್ಷೆ, ಇಪ್ಪತ್ತಕ್ಕೆ ಹದಿನಾಲ್ಕು ಅಂಕ. ಮೇಲೆ ದುಂಡಗೆ ಬರೆದ ಹೆಸರು. ಅಕ್ಕೋರ ಮುಖ ಬಿಳಿಚಿಕೊಂಡಿತು. ಆ ಅಂಕ ಹಾಕಿದವರೂ ಅವರೇ.

ಶರಣಮ್ಮನನ್ನು ಕರೆಸಿದರು. ಮೂವರು ಮಾಸ್ತರರು ಕುಳಿತಿದ್ದರು.

“ಮುಂದಿನ ವಾರ ಪ್ರಶಸ್ತಿಯವರು ಬರೋರದಾರ. ಸಾಲಿ ಮರ್ಯಾದಿ ಕಳೀಬೇಕಂತ ಮಾಡಿಯೇನು? ಗಟ್ಟಿಯಾಗಿ ಓದು ಇದನ್ನ,” ಎಂದರು ಹೆಡ್‌ಮಾಸ್ತರು.

ಅವಳು ಓದಿದಳು. ‘ಉರಿ’ ಎಂಬಲ್ಲಿ ದನಿ ಹೋಯಿತು. ಅಕ್ಕೋರು ನೆಲ ನೋಡುತ್ತಾ ನಿಂತರು. ಅವರು ಕೆಟ್ಟವರಲ್ಲ, ಆದರೂ ಬಾಯಿ ಬಿಡಲಿಲ್ಲ. ನಾನು ಅದನ್ನು ಕ್ಷಮಿಸಿಲ್ಲ.

ಪ್ರಶಸ್ತಿ ಬಂತು. ಶರಣಮ್ಮ ಅಂದು ಜಿಲ್ಲಾಸ್ಪತ್ರೆಯಲ್ಲಿದ್ದಳು. ಮೂತ್ರಪಿಂಡಕ್ಕೆ ಸೋಂಕು ಏರಿದೆಯಂತೆ ಎಂದು ಅಡುಗೆಯವರು ಮಾತಾಡಿಕೊಂಡರು. ಮತ್ತೆ ಯಾರೂ ನನ್ನೊಳಗೆ ಒಂದು ಚೂರು ಕಾಗದ ಹಾಕಲಿಲ್ಲ. ಖಾಲಿ ಡಬ್ಬಿ ನೋಡಿ ಹೆಡ್‌ಮಾಸ್ತರು, ನಮ್ಮ ಮಕ್ಕಳಿಗೆ ಕಷ್ಟವೇ ಇಲ್ಲ ಎಂದು ಬಂದವರಿಗೆಲ್ಲ ಹೇಳಿದರು.

ಕಡೆಗೆ ನನ್ನ ನೆತ್ತಿ ಕತ್ತರಿಸಿ, ಮಣ್ಣು ತುಂಬಿ, ದಾಸವಾಳ ನೆಟ್ಟು, ಶೌಚಾಲಯದ ಮುಂದೆ ಇಟ್ಟರು. ಬೀಗ ಇನ್ನೂ ಇದೆ. ನನ್ನ ತಳ ತುಕ್ಕು ಹಿಡಿದಿದೆ. ಫೋಟೋದಲ್ಲಿ ಹಸಿರು ಕಾಣಬೇಕೆಂದು ನನಗೆ ದಿನಾ ಎರಡು ಚೊಂಬು ನೀರು.

ಒಂದೂವರೆ ತಿಂಗಳ ಮೇಲೆ ಶರಣಮ್ಮ ಮರಳಿ ಬಂದಳು. ಅರ್ಧ ಆಳಾಗಿದ್ದಳು. ಆ ವಾರ ಗಿಡಕ್ಕೆ ನೀರು ಹಾಕುವ ಪಾಳಿ ಅವಳದೇ. ಚೊಂಬು ಹಿಡಿದು ಬಂದವಳು ಬೀಗ ನೋಡಿದಳು, ಒಣಗಿದ ತುಟಿ ಸವರಿಕೊಂಡಳು, ಚೊಂಬನ್ನು ಪೂರ್ತಿ ನನ್ನೊಳಗೆ ಬಗ್ಗಿಸಿದಳು.

“ನೀ ಕುಡಿ,” ಎಂದಳು ಮೆಲ್ಲಗೆ. “ನಾ ಮನಿಗೆ ಹೋಗಿ ಕುಡೀತೀನಿ.”

ಗಂಟೆ ಆಗ ಹನ್ನೊಂದು. ಶಾಲೆ ಬಿಡುವುದು ನಾಲ್ಕೂವರೆಗೆ.