ಮುರಿದ ಸುಳಿ

ಮರದ ನೆತ್ತಿಯ ಸುಳಿ ಮುರಿದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಎಳೆ ಬೀನ್ಸ್ ಮುರಿದಷ್ಟೇ. ಏಣಿಯ ಮೇಲೆ ನಿಂತಿದ್ದ ನನ್ನ ಕೈಯಲ್ಲಿ ದೀಪದ ಸರ, ಅದಕ್ಕೆ ಸಿಕ್ಕಿಕೊಂಡು ಬಂದ ಗೇಣುದ್ದದ ನೀಲಿ ತುದಿ. ಆಗ ಗಂಟೆ ಎರಡು. ನನ್ನ ಗಂಡ ಪ್ರೇಬೆನ್ ಬರುವ ಹಡಗು ನಾಲ್ಕಕ್ಕೆ ದ್ವೀಪ ಮುಟ್ಟುತ್ತದೆ.

ನಾಳೆ ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟಿನ ಮೊದಲ ಭಾನುವಾರ. ನಮ್ಮ ಬೀದಿಯ ತೋಟಗಳಲ್ಲೆಲ್ಲ ಮರಗಳಿಗೆ ದೀಪ ಹತ್ತುವ ದಿನ. ನಮ್ಮ ಮರ ಮಾತ್ರ ಪ್ರತಿವರ್ಷ ಕತ್ತಲೆಯಲ್ಲಿರುತ್ತಿತ್ತು. ಮೂರು ವಾರದ ಮೇಲೆ ಸಮುದ್ರದ ಕೆಲಸದಿಂದ ಬರುತ್ತಿದ್ದಾನೆ, ಬೆಳಗಿದ ಮರ ಕಂಡರೆ ಖುಷಿಪಟ್ಟಾನು ಎಂದುಕೊಂಡೆ.

ಈ ನೀಲಿ ಫರ್ ಮರ ಅವನು ಒಂಬತ್ತು ವರ್ಷದ ಹಿಂದೆ ತಂದು ನೆಟ್ಟಿದ್ದು. ಆಗ ಮೊಣಕಾಲೆತ್ತರದ ಕಸಿ ಗಿಡ. ಕಾಗೆ ಕೂತು ತುದಿ ಮುರಿಯಬಾರದೆಂದು ಪಕ್ಕದಲ್ಲೇ ಅದಕ್ಕಿಂತ ಎತ್ತರದ ಕೋಲು ಕಟ್ಟಿದ, ಮರ ಬೆಳೆದಂತೆ ಕೋಲನ್ನೂ ಬದಲಿಸುತ್ತ ಬಂದ. ಮೇ ತಿಂಗಳಲ್ಲಿ ಹೊಸ ಸೂಜಿಯೆಲೆಗಳು ಬೂದಿ ಬಳಿದಂಥ ನೀಲಿಯಲ್ಲಿ ಬಿಚ್ಚಿದಾಗ, ನೋಡಲು ರಜೆ ಹಾಕಿಯೇ ಬರುತ್ತಿದ್ದ.

ಪ್ರೇಬೆನ್ ಹೊಡೆಯುವವನಲ್ಲ, ಕೂಗುವವನೂ ಅಲ್ಲ. ಸುಮ್ಮನಾಗಿಬಿಡುತ್ತಾನೆ. ಅವನಮ್ಮನ ಪಿಂಗಾಣಿ ಬಟ್ಟಲು ನನ್ನ ಕೈಜಾರಿ ಒಡೆದಾಗ ಹತ್ತೊಂಬತ್ತು ದಿನ ಮಾತಿರಲಿಲ್ಲ. ಅಷ್ಟೂ ದಿನ ನಾನು ನನ್ನದೇ ಮನೆಯಲ್ಲಿ ತುದಿಗಾಲಲ್ಲಿ ಓಡಾಡಿದ್ದೆ.

"ಏನೇ ಬೋದಿಲ್, ಅಲ್ಲೇ ಬೇರು ಬಿಟ್ಯಾ?" ಬೇಲಿಯಾಚೆಯಿಂದ ಪಕ್ಕದ ಮನೆಯ ಆಸ್ತ ಕೂಗಿದಳು.

ತುದಿಯನ್ನು ಎತ್ತಿ ತೋರಿಸಿದೆ.

"ಅಯ್ಯೋ ದೇವರೇ! ಅವನ ಮುದ್ದಿನ ಕೂಸಿನ ಜುಟ್ಟನ್ನೇ ಕಿತ್ತುಬಿಟ್ಟೆಯಲ್ಲೇ!"

"ನಗಬೇಡ ಮಾರಾಯ್ತಿ. ಎರಡು ಗಂಟೇಲಿ ಬಂದುಬಿಡ್ತಾನೆ."

"ಕಾಗೆ ಮುರೀತು ಅನ್ನು. ಕಾಗೆಯೇನು ಬಂದು ಇಲ್ಲ ಅನ್ನುತ್ತಾ?"

"ಅವನು ನಂಬಲ್ಲ."

"ಹಾಗಾದ್ರೆ ಮುರಿದದ್ದೇ ಕಾಣದ ಹಾಗೆ ಮಾಡೋಣ, ಇರು."

ಹಸಿರು ಟೇಪು, ತಂತಿ ತಂದಳು. ಅವಳು ಏಣಿ ಹಿಡಿದಳು, ನಾನು ಮುರಿದ ತುದಿಯನ್ನು ಕೋಲಿಗೆ ಬಿಗಿದೆ. ಕೆಳಗಿಳಿದು ನೋಡಿದರೆ ಏನೂ ಆಗೇ ಇಲ್ಲ ಎನ್ನುವಂತೆ ನೆಟ್ಟಗೆ ನಿಂತಿತ್ತು.

"ಚಳಿ ಮುಗಿಯೋ ತನಕ ಹಸಿರಾಗೇ ಇರುತ್ತೆ. ಆಮೇಲೆ ಕಾಗೆ ಇದ್ದೇ ಇದೆ," ಎಂದು ಆಸ್ತ ಹೊರಟುಹೋದಳು.

ಒಲೆಯಲ್ಲಿ ಹಂದಿಮಾಂಸ ಬೇಯಲು ಇಟ್ಟು ಕಿಟಕಿಯ ಬಳಿ ನಿಂತೆ. ಗಾಳಿ ಬೀಸಿತು. ತುದಿ ಅಲುಗಿತು. ಟೇಪು ಬಿಚ್ಚಿತೇನೋ ಎಂದು ಗಾಜಿಗೆ ಮೂಗು ಒತ್ತಿ ನೋಡಿದೆ. ಇನ್ನೊಂದು ಗಾಳಿ ಬಂತು, ಮತ್ತೆ ಹಾಗೆಯೇ. ಡಿಸೆಂಬರು, ಜನವರಿ, ಫೆಬ್ರವರಿ... ಅವನು ಮನೆಯಲ್ಲಿರುವ ಒಂದೊಂದು ಬೆಳಿಗ್ಗೆಯೂ ಮೊದಲು ನೋಡುವುದು ಅಲ್ಲಿಗೇ. ಹತ್ತೊಂಬತ್ತು ದಿನಕ್ಕೆ ಹೆದರಿ, ನಾಲ್ಕು ತಿಂಗಳು ಹೆದರುವ ಏರ್ಪಾಡನ್ನು ನಾನೇ ಮಾಡಿಕೊಂಡಿದ್ದೆ.

ಬಂದರಿನಿಂದ ಹಡಗಿನ ಕೂಗು ಕೇಳಿದಾಗ ಮತ್ತೆ ಏಣಿ ಹತ್ತಿದೆ. ಬೆಳಕು ಇಳಿಯುತ್ತಿತ್ತು. ತಂತಿ ಕತ್ತರಿಸಿ ತುದಿಯನ್ನು ಕೆಳಗೆಸೆದೆ. ಸುಳಿ ಹೋದರೆ ಮೇಲಿನ ಸುತ್ತಿನ ಕೊಂಬೆಗಳಲ್ಲಿ ಗಟ್ಟಿಯಾದ ಒಂದನ್ನು ಎತ್ತಿ ಕೋಲಿಗೆ ಕಟ್ಟಬೇಕು, ಎರಡು ಮೂರು ವರ್ಷಕ್ಕೆ ಅದೇ ಸುಳಿಯಾಗುತ್ತದೆ. ಮನೆಗೆ ಬಂದವರಿಗೆಲ್ಲ ಪ್ರೇಬೆನ್ ಹೇಳುತ್ತಿದ್ದುದನ್ನು ಕಾಫಿ ಬಗ್ಗಿಸುತ್ತ ಎಷ್ಟು ಸಲ ಕೇಳಿದ್ದೆನೋ. ಆರಿಸಿದ ಕೊಂಬೆಯನ್ನು ಮೆಲ್ಲಗೆ ಬಗ್ಗಿಸಿದೆ. ಇದೂ ಮುರಿದರೆ? ಅಂಟು ಮೆತ್ತಿದ ಬೆರಳುಗಳು ಮರಗಟ್ಟಿದ್ದವು. ಗಂಟು ಎರಡು ಸಲ ಜಾರಿತು.

ಗೇಟು ಕಿರುಗುಟ್ಟಿತು.

"ಏನು ಮಾಡ್ತಿದ್ದೀಯ ಅಲ್ಲಿ?"

"ಸುಳಿ ಮುರೀತು. ದೀಪ ಹಾಕೋಕೆ ಹೋಗಿ ನಾನೇ ಮುರಿದೆ. ಪಕ್ಕದ ಕೊಂಬೆ ಎತ್ತಿ ಕಟ್ತಿದ್ದೀನಿ."

ಅವನು ಚೀಲ ನೆಲಕ್ಕಿಟ್ಟ. ತಲೆಯೆತ್ತಿ ನೋಡಿದ. ತುಟಿಗಳು ಒಂದಕ್ಕೊಂದು ಒತ್ತಿಕೊಂಡವು. ಆ ಒತ್ತುವಿಕೆ ನನಗೆ ಚೆನ್ನಾಗಿ ಗೊತ್ತು.

"ತಪ್ಪಾಯ್ತು, ಪ್ರೇಬೆನ್," ಅಂದೆ. "ಇನ್ನೊಂದು ಸಲ ಹೇಳಲ್ಲ."

ಚೀಲ ಎತ್ತಿಕೊಂಡು ಒಳಗೆ ಹೋದ. ನಾನು ಗಂಟು ಮುಗಿಸಿಯೇ ಇಳಿದೆ.

ಊಟಕ್ಕೆ ಕೂತಾಗ ಅವನ ಮುಖ ಪತ್ರಿಕೆಯ ಹಿಂದಿತ್ತು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಅವನಿಗೆ ಬಡಿಸಿ, ಅವನ ಮುಖ ನೋಡುತ್ತ, ನನ್ನ ತಟ್ಟೆಯನ್ನು ಆರಲು ಬಿಡುತ್ತಿದ್ದೆ. ಈ ದಿನ ಮೊದಲು ನನಗೇ ಬಡಿಸಿಕೊಂಡೆ. ಮಾಂಸ ಮೆತ್ತಗೆ ಬೆಂದಿತ್ತು.

"ಆಲೂಗೆಡ್ಡೆ ಈ ಕಡೆ ಕೊಡು," ಅಂದೆ.

ಪತ್ರಿಕೆ ಅಲುಗಲಿಲ್ಲ. ಎದ್ದು, ಅವನ ಮುಂದಿನಿಂದ ಪಾತ್ರೆ ತೆಗೆದುಕೊಂಡು, ಬಿಸಿಯಿರುವಾಗಲೇ ತಿಂದೆ.