ಹುಳ ನೋಡ್ಕೋ

ಕಾಲುವೆ ಬಂದಮೇಲೆ ಶಹಾಪುರದ ಸೀಮೆಯಲ್ಲಿ ನೀರಿಗೂ ಬರವಿಲ್ಲ, ಔಷಧಿಗೂ ಬರವಿಲ್ಲ. ಹತ್ತಿಗೆ ಹೊಡೆಯುವುದು, ಭತ್ತಕ್ಕೆ ಹೊಡೆಯುವುದು, ಪಕ್ಕದವನು ಹೊಡೆದನೆಂದು ನಾವೂ ಹೊಡೆಯುವುದು. ಹೊಡೆದೂ ಹೊಡೆದೂ ವನದುರ್ಗದ ಸುತ್ತ ಜೇನೇ ಕಾಣದಂತಾಯಿತು. ಯಾರೂ ಅಳಲಿಲ್ಲ. ಕಚ್ಚುವ ಹುಳ ಹೋದರೆ ಅಳುವವರು ಯಾರು?

ಅತ್ತವಳು ದೇವಕಮ್ಮ ಒಬ್ಬಳೇ. ಹೋದ ವರ್ಷ ಅವಳ ಸೂರ್ಯಕಾಂತಿ ತಟ್ಟೆಯಗಲ ಅರಳಿ, ಬಡಿದಾಗ ಬರೀ ಜೊಳ್ಳು ಉದುರಿಸಿತ್ತು. ಜೇನು ಓಡಾಡದೆ ಕಾಳು ಕಟ್ಟುವುದಿಲ್ಲ ಎಂದು ತಿಳಿದು ಈ ಸಲ ಜೇನುಪೆಟ್ಟಿಗೆ ತರಿಸಿ ಬದುವಿನ ಮೇಲೆ ಇಟ್ಟಳು. ಈ ಸಲವೂ ಜೊಳ್ಳಾದರೆ ಆ ಹೊಲಕ್ಕೂ ಹತ್ತಿಯೇ ಎಂದು ಮಗ ಅಮರಪ್ಪ ಖಡಕ್ಕಾಗಿ ಹೇಳಿದ್ದ.

ಹೂ ತುಂಬಿದ ಹೊತ್ತಿಗೇ ಮುದನಾಳದಲ್ಲಿ ಮಗಳಿಗೆ ಹೆರಿಗೆ ನೋವು ಬಂತು. ದೇವಕಮ್ಮ ಬಸ್ಸಿಗೆ ಓಡುತ್ತ, ಪಕ್ಕದ ಹೊಲದ ಖಂಡಪ್ಪನಿಗೆ ಕೂಗಿದಳು.

“ಯಣ್ಣಾ, ಮುದನಾಳಕ್ಕ ಹೊಂಟೀನಿ. ಹೊಲದಾಗಿನ ಹುಳ ನೋಡ್ಕೋ!”

“ನಿಶ್ಚಿಂತಿ ಹೋಗವ್ವಾ. ನಾ ಅದೀನಲ್ಲ!”

ನಮ್ಮಲ್ಲಿ ಜೇನೂ ಹುಳವೇ, ಕಾಯಿ ಕೊರೆಯುವುದೂ ಹುಳವೇ. ಆದರೆ ‘ಹುಳ ನೋಡು’ ಎಂದರೆ ಹತ್ತಿ ಬೆಳೆಯುವವನ ಕೈ ಸೀದಾ ಔಷಧಿ ಪಂಪಿಗೇ ಹೋಗುತ್ತದೆ.

ಮೂರು ದಿನ ಬಾಣಂತಿಯನ್ನು ನೋಡಿಕೊಂಡು ದೇವಕಮ್ಮ ಮರಳಿದಾಗ ಖಂಡಪ್ಪ ಬದುವಿನ ಮೇಲೆ ಎದೆ ಉಬ್ಬಿಸಿ ನಿಂತಿದ್ದ.

“ಬಾರವ್ವಾ, ಮೊಮ್ಮಗನೋ ಮೊಮ್ಮಗಳೋ?”

“ಮೊಮ್ಮಗಳು. ಯಣ್ಣಾ, ಹೊಲ ಯಾಕ ಸುಮ್ಮನ ಅದ?”

“ಮತ್ತ? ಒಂದು ಹುಳ ಉಳಿಸಿಲ್ಲ! ಹೂವಿಗೆ ಹಸರು ಹುಳ ಹತ್ತಿದ್ವು. ನನ್ನ ಮನ್ಯಾಗಿನ ಔಷಧನೇ ಹೊಡದೀನಿ.”

“ಜೇನು?”

“ನಾ ಏನ್ ಹುಚ್ಚನಾ? ಪೆಟ್ಟಿಗಿಗೆ ತಾಡಪಲ್ ಹೊಚ್ಚೇ ಹೊಡದೀನಿ. ಒಂದು ಹನಿ ಬಿದ್ದಿಲ್ಲ ನೋಡು.”

“ಯಾವ ಹೊತ್ನ್ಯಾಗ ಹೊಡದಿ?”

“ಬಿಸಲೇರಿದ ಮ್ಯಾಲ.”

ಪೆಟ್ಟಿಗೆಗಳು ಒಣಗಿ ಖಣಖಣ ಎನ್ನುತ್ತಿದ್ದವು, ಒಳಗೆ ಜೇನಿನ ಸದ್ದೇ ಇರಲಿಲ್ಲ. ಬಿಸಿಲೇರಿದ ಹೊತ್ತಿಗೆ ಜೇನೆಲ್ಲ ಕೆಲಸಕ್ಕೆ ಹೋಗಿತ್ತು. ಈಗ ಗಿಡದ ಬುಡದಲ್ಲಿ ಬಿದ್ದಿತ್ತು, ಕಾಲಿಗೆ ಹಳದಿ ಪುಡಿ ಹಾಗೇ ಅಂಟಿಕೊಂಡಿತ್ತು.

“ಬರೇ ಕಟ್ಟಿಗಿ ಡಬ್ಬಿ ಉಳಿಸಿದ್ಯಲ್ಲೋ ಯಣ್ಣಾ! ನೋಡ್ಕೋ ಅಂದ್ರ ಕೊಲ್ಲು ಅಂತೇನು?”

“ಮತ್ತೇನವ್ವಾ? ಈ ಊರಾಗ ಹುಳ ನೋಡಿ ಯಾರು ಬಿಟ್ಟಾರ?”

ದೇವಕಮ್ಮ ಅವನ ಹೆಗಲ ಟವೆಲ್ಲು ಎಳೆದು ಅವನ ಕೈಗೇ ತುರುಕಿದಳು.

“ಹೂ ಇನ್ನೂ ಬಾಡಿಲ್ಲ. ದಿನಾ ಮುಂಜಾನಿ ಬಂದು ಒಂದೊಂದು ಹೂವಿನ ಮಾರಿ ಒರಸು. ಒಂದರ ಪುಡಿ ಇನ್ನೊಂದಕ್ಕ ಹತ್ತಬೇಕು. ಜೇನಿನ ಕೆಲಸ ನೀನೇ ಮಾಡು.”

ಮರುದಿನ ಖಂಡಪ್ಪ ಮೀಸೆಯೆಲ್ಲ ಹಳದಿ ಮಾಡಿಕೊಂಡು ಹೂ ಒರೆಸುತ್ತಿದ್ದಾಗ, ಅವನ ಹತ್ತಿಗೆ ಔಷಧಿ ಹೊಡೆಯುವ ದೇವಿಂದ್ರ ಬೆನ್ನಿಗೆ ಪಂಪು ಹೊತ್ತು ಬಂದ.

“ಧಣೇರ, ಶುರು ಮಾಡ್ಲೇನ್ರಿ?”

“ತಡಿಯಲೇ! ಇಲ್ಲಿ ನಾ ಅದೀನಿ, ಕಾಣಂಗಿಲ್ಲೇನು?”

“ಹತ್ತಿ ಆ ಕಡಿ ಅದರಿ, ನೀವು ಈ ಕಡಿ. ನಿಮಗೇನಾಗ್ತದ್ರಿ?”

“ಗಾಳಿಗೆ ಬದುವು ಗೊತ್ತದೇನಲೇ?”

ದೇವಿಂದ್ರ ಪಂಪು ಇಳಿಸಿ ಬೀಡಿ ಹಚ್ಚಿದ. ಆಚೆ ಸಾಲಿನಲ್ಲಿ ಒರೆಸುತ್ತಿದ್ದ ದೇವಕಮ್ಮ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು.

ಸುಗ್ಗಿಯಲ್ಲಿ ಅರ್ಧ ಕಾಳು, ಅರ್ಧ ಜೊಳ್ಳು ಬಂತು. ಅಮರಪ್ಪ ಹತ್ತಿಯ ಮಾತೆತ್ತಲಿಲ್ಲ. ದೇವಕಮ್ಮ ಮತ್ತೆ ಜೇನು ತರಿಸಲು ಓಡಾಡತೊಡಗಿದಳು. ಖಂಡಪ್ಪ ಮಾತ್ರ ಚಾದಂಗಡಿಯಲ್ಲಿ ಕುಳಿತು ಎಲ್ಲರಿಗೂ ಹೇಳುತ್ತಿದ್ದ:

“ಜೇನು ಯಾಕ ಬೇಕ್ರಿ? ನಾ ಒಂದು ಟವೆಲ್ಲಿಲೇ ಕಾಳು ಕಟ್ಟಿಸೀನಿ!”